ಅಜ್ಜಿಯ ಬಲ ಕಣತಲೆ

ಮೂಡುಬಿದಿರೆ ಪೇಟೆಯಲ್ಲಿ ನನ್ನ ಅಪ್ಪ ಮುಟ್ಟದ ತಲೆ ಯಾವುದು ಎಂದು ಯಾರಾದರೂ ಕೇಳಿದ್ದರೆ ನಾನು ತಕ್ಷಣ ಹೇಳುತ್ತಿದ್ದೆ: ನಮ್ಮ ಅಜ್ಜಿಯದು. ಉಳಿದಂತೆ ಬ್ಯಾಂಕಿನವರು, ಬಸ್ಸಿನವರು, ಹೈಸ್ಕೂಲಿನ ಮಾಸ್ತರರು, ಮೀನು ಮಾರ್ಕೆಟ್ಟಿನವರು, ಮದುವೆಯ ಮುಂಚಿನ ದಿನ ಓಡಿ ಬರುವ ಮದುಮಕ್ಕಳು, ಎಲ್ಲರ ತಲೆಯೂ ಅಪ್ಪನ ಕೈಯಿಂದ ಹಾದು ಹೋಗಿತ್ತು. ನಮ್ಮ ಮನೆಯ ಎದುರಿನ ಕೋಣೆಯೇ ಅವರ ಸೆಲೂನು. ರಸ್ತೆ ಕಡೆಯಿಂದ ಬಂದರೆ ಎರಡು ಕನ್ನಡಿ, ಎರಡು ಕುರ್ಚಿ, ಒಂದು ಬೆಂಚು, ಸೋಪಿನ ನೊರೆಯ ಮತ್ತು ಪೌಡರಿನ ವಾಸನೆ. ಹಿಂದೆ ಒಂದು ಹಸಿರು ಪರದೆ. ಪರದೆ ಸರಿಸಿದರೆ ತೆಂಗಿನೆಣ್ಣೆ, ಒಲೆಯ ಹೊಗೆ, ಬಂಗುಡೆ ಮೀನಿನ ಸಾರಿನ ವಾಸನೆ. ಆ ಪರದೆಯ ಈಚೆ ನಾವು ಐವರು ಇದ್ದೆವು: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು, ಮತ್ತೆ ಆಗಿನ್ನೂ ತೊಟ್ಟಿಲು ಬಿಡದ ನನ್ನ ತಂಗಿ. ಮನೆಯಲ್ಲಿ ಆಡುವುದು ತುಳು. ಕನ್ನಡ ಶಾಲೆಗೆ, ಡಾಕ್ಟರರಿಗೆ, ದೂರದ ಗಿರಾಕಿಗಳಿಗೆ.

ಪರದೆಗೆ ಒಂದು ಕಾನೂನಿತ್ತು. ಅದನ್ನು ಮಾಡಿದವರು ಅಜ್ಜಿ. ಅಂಗಡಿಯ ಕೈಯಲ್ಲಿ ಮನೆಯವರನ್ನು ಮುಟ್ಟಬಾರದು. ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪ ಪರದೆ ದಾಟಿ ಬರುತ್ತಿರಲಿಲ್ಲ. ಹೊರಗಿನಿಂದ ಮನೆ ಸುತ್ತಿ ಹಿತ್ತಲಿಗೆ ಬಂದು, ಬಚ್ಚಲಿನಲ್ಲಿ ನಾಲ್ಕು ಚೊಂಬು ನೀರು ಹೊಯ್ದುಕೊಂಡು, ಬೇರೆ ಪಂಚೆ ಉಟ್ಟು ಒಳಗೆ ಬರುತ್ತಿದ್ದರು. ರಾತ್ರಿಯೂ ಹಾಗೆಯೇ. ಒಮ್ಮೆ ನಾನು ಅಂಗಳದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಾಗ ಅಪ್ಪ ಓಡಿ ಬಂದರು, ಆದರೆ ಎರಡೂ ಕೈ ಮೇಲೆತ್ತಿ ನನ್ನ ಪಕ್ಕ ನಿಂತು "ಬೇಗ ಬಾ, ರಕ್ತ ಬರ್ತಾ ಉಂಟು" ಎಂದು ಅಮ್ಮನನ್ನು ಕೂಗಿದರು. ಪೊಲೀಸರು ಹಿಡಿದವರ ಹಾಗೆ ಕೈ ಎತ್ತಿ ನಿಂತ ಅಪ್ಪನನ್ನು ನೋಡಿ ನಾನು ಅಳುವುದನ್ನೇ ಮರೆತಿದ್ದೆ.

ಅಜ್ಜಿಯ ಈ ಶಿಸ್ತಿಗೆ ಅವರದೇ ಕಾರಣವಿತ್ತು. ಅವರು ಹಸುಗೂಸುಗಳನ್ನು ಮೀಯಿಸುವವರು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೂ ಬಾಣಂತಿಗೆ ಎಣ್ಣೆ ತಿಕ್ಕುವುದಕ್ಕೆ, ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವುದಕ್ಕೆ ಗಿರಿಜಕ್ಕನೇ ಬೇಕು ಎಂದು ಮನೆಗಳಿಂದ ಹೇಳಿ ಕಳುಹಿಸುತ್ತಿದ್ದರು. ಹಿಂದೂಗಳ ಮನೆ, ಬ್ಯಾರಿ ಮುಸ್ಲಿಮರ ಮನೆ, ಕ್ರಿಶ್ಚಿಯನ್ನರ ಮನೆ ಎಂಬ ಭೇದವಿರಲಿಲ್ಲ. ಹೊಸ ಮಕ್ಕಳನ್ನು ಮುಟ್ಟುವ ಕೈ, ಆದ್ದರಿಂದ ಅದು ಶುದ್ಧವಾಗಿರಬೇಕು, ಆ ಕೈ ಉಣ್ಣುವ ಮನೆಯೂ ಶುದ್ಧವಾಗಿರಬೇಕು. ರಜೆಯ ದಿನ ಚೊಂಬು ಹಿಡಿದು ಅವರ ಜೊತೆ ಹೋಗುವವಳು ನಾನು. ಅಜ್ಜಿ ಚಾಚಿದ ಕಾಲಿನ ಮೇಲೆ ಕೂಸು ಕವುಚಿ ಮಲಗಿದರೆ ಅರ್ಧ ಅಳು ಅಲ್ಲೇ ನಿಲ್ಲುತ್ತಿತ್ತು. ಆ ಕೈಗಳನ್ನು ನೋಡುತ್ತ ನಾನು ಬಾಯಿ ಬಿಟ್ಟು ನಿಲ್ಲುತ್ತಿದ್ದೆ. ಈಗಲೂ ನನಗೆ ಒಬ್ಬರ ಪರಿಚಯವಾದರೆ ಮೊದಲು ಕಣ್ಣು ಹೋಗುವುದು ಅವರ ಕೈಗಳ ಕಡೆಗೆ.

ನಾನು ಆರನೇ ತರಗತಿಯಲ್ಲಿದ್ದ ವರ್ಷ ದೀಪಾವಳಿಯ ಬೆಳಿಗ್ಗೆ ಅಜ್ಜಿ ಎಲ್ಲರ ತಲೆಗೆ ಎಣ್ಣೆ ಇಡಲಿಲ್ಲ. ಪ್ರತಿ ವರ್ಷ ಅದು ಅವರದೇ ಹಕ್ಕು. ಆ ದಿನ ಎಣ್ಣೆಯ ಬಟ್ಟಲು ಹಿಡಿದು ಬಂದರು, ಕೈ ಎತ್ತಲು ನೋಡಿದರು, ಭುಜದ ಮಟ್ಟಕ್ಕೆ ಬಂದ ಕೈ ಮುಂದೆ ಹೋಗಲಿಲ್ಲ. "ಈ ಸಲ ನೀವೇ ಹಚ್ಚಿಕೊಳ್ಳಿ, ಭುಜ ಹಿಡಿದುಕೊಂಡಿದೆ" ಎಂದು ಬಟ್ಟಲನ್ನು ಅಮ್ಮನ ಕೈಗೆ ಕೊಟ್ಟರು. ವಯಸ್ಸು ಅರುವತ್ತೆಂಟು, ಭುಜ ನೋಯುವುದು ಸಹಜ ಎಂದು ಎಲ್ಲರೂ ಅಂದುಕೊಂಡೆವು. ತಮ್ಮ ತುರುಬನ್ನು ತಾವೇ ಕಟ್ಟಲು ಆಗುವುದಿಲ್ಲ ಎಂದಾದ ಮೇಲೆ ಅವರ ತಲೆ ಬಾಚುವ ಕೆಲಸ ನನಗೆ ಬಂತು. ನನಗೋ ಹಿಗ್ಗು. ಸೊಂಟ ಮುಟ್ಟುವ ಕೂದಲು ಅವರದು, ಹೆಚ್ಚೂಕಡಿಮೆ ಕಪ್ಪಾಗಿಯೇ ಉಳಿದಿತ್ತು. ಆದರೆ ನಾಲ್ಕೈದು ದಿನದಲ್ಲೇ ಬಾಚಣಿಗೆ ತಾಗಿದೊಡನೆ ಅಜ್ಜಿ ಬೆಚ್ಚಿ ಬೀಳತೊಡಗಿದರು.

"ಮೆಲ್ಲ, ಬಾಲೆ, ಮೆಲ್ಲ! ಮುಳ್ಳಿನಲ್ಲಿ ಗೀರಿದ ಹಾಗೆ ಆಗ್ತದೆ."

"ನಾನು ಇನ್ನೂ ಮುಟ್ಟಿದ್ದು ಮಾತ್ರ, ಅಜ್ಜಿ."

"ಹಾಗಾದ್ರೆ ಮುಟ್ಟಬೇಡ. ಸುಮ್ಮನೆ ಗಂಟು ಕಟ್ಟಿ ಬಿಡು."

ಬಲಗಡೆ ಹೆಚ್ಚು. ಕಣ್ಣಿಗೂ ಕಿವಿಗೂ ನಡುವೆ, ಕಣತಲೆಯ ಮೇಲೆ, ಕೂದಲಿನ ಅಂಚಿನಲ್ಲಿ ಒಂದು ನರ ಎದ್ದು ನಿಂತಿತ್ತು. ತೆಳ್ಳಗಿನ ಎರೆಹುಳದ ಹಾಗೆ ವಕ್ರವಾಗಿ ಮೇಲೆ ಹೋಗುತ್ತಿತ್ತು. ಬಲಮಗ್ಗುಲಾಗಿ ಮಲಗಲು ಅಜ್ಜಿಗೆ ಆಗುತ್ತಿರಲಿಲ್ಲ. ಆಮೇಲೆ ಊಟದಲ್ಲೂ ಏನೋ ಶುರುವಾಯಿತು. ಹುರಿದ ಕಡ್ಲೆಯನ್ನು ಕಟಕಟ ಅಗಿಯುತ್ತಿದ್ದವರು ಈಗ ಗಂಜಿಯ ನಾಲ್ಕು ತುತ್ತಿಗೇ ನಿಲ್ಲಿಸಿ, ದವಡೆ ಹಿಡಿದುಕೊಂಡು, ಗೋಡೆ ನೋಡುತ್ತ ಕೂರುತ್ತಿದ್ದರು. ಐದು ನಿಮಿಷ ಬಿಟ್ಟು ಮತ್ತೆ ನಾಲ್ಕು ತುತ್ತು.

ಅಪ್ಪನ ಅಕ್ಕ ಲಲಿತತ್ತೆ ಇದ್ದದ್ದು ಸಿದ್ದಕಟ್ಟೆಯಲ್ಲಿ. ನಮ್ಮ ಮನೆಯ ದೊಡ್ಡ ನಿರ್ಧಾರಗಳೆಲ್ಲ ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದವು. ಅತ್ತೆ ಬಂದರು, ಅಜ್ಜಿಯ ಬಾಯಿ ತೆರೆಸಿದರು, "ಹಲ್ಲು" ಎಂದರು. ಮರುದಿನವೇ ಬಂಟ್ವಾಳಕ್ಕೆ ಕರೆದುಕೊಂಡು ಹೋಗಿ ಬಲಗಡೆಯ ಎರಡು ಹಲ್ಲು ಕೀಳಿಸಿ ತಂದರು. ಹಲ್ಲಿನ ಜಾಗ ಒಣಗಿತು, ನೋವು ಒಣಗಲಿಲ್ಲ. ಅಮ್ಮ ಸಾಮಾನ್ಯವಾಗಿ ಅತ್ತೆಯ ಎದುರು ಮಾತಾಡುವವರಲ್ಲ. ಆ ಸಲ ಮಾತ್ರ ಅಡುಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗಿಯೇ ಇಟ್ಟರು.

"ಎರಡು ಹಲ್ಲು ತೆಗೆಸಿ ಎಂತ ಆಯ್ತು ಅತ್ತಿಗೆ? ಅವರು ಉಣ್ಣುದೇ ಇಲ್ಲ. ರವಕೆ ಹೇಗೆ ಸಡಿಲ ಆಗಿದೆ ನೋಡಿ."

"ಮೂರನೆಯದು ಉಂಟು, ಅದೂ ಕೆಟ್ಟಿದೆ. ಅದು ಹೋದರೆ ಸರಿ ಆಗ್ತದೆ. ನಿನಗೆ ಜಾಸ್ತಿ ಗೊತ್ತುಂಟಾ, ನನಗಾ?"

ಅಪ್ಪ ಆಗ ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದರು. ಎಲ್ಲ ಕೇಳಿಸಿಯೂ ನೀರಿನ ಶಬ್ದ ನಿಲ್ಲಲಿಲ್ಲ. ಅಕ್ಕನ ಮಾತಿಗೆ ಎದುರಾಡಿ ಅವರಿಗೆ ಅಭ್ಯಾಸವಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ರಜೆಯ ಬೆಳಿಗ್ಗೆ, ನೆರೆಮನೆಯ ಫಿಲೋಮಿನಾ ಬಾಯಿಯ ಮೊಮ್ಮಗನನ್ನು ಮೀಯಿಸಲು ಹೋದೆವು. ಭುಜ ಏಳದಿದ್ದರೂ ಅಜ್ಜಿ ಈ ಕೆಲಸ ಬಿಟ್ಟಿರಲಿಲ್ಲ; ಕಾಲಿನ ಮೇಲಿನ ಮಗುವಿಗೆ ಕೈ ಎತ್ತುವ ಅಗತ್ಯವಿಲ್ಲವಲ್ಲ, ನೀರು ಹೊಯ್ಯಲು ನಾನಿದ್ದೆ. ಹತ್ತು ಗಂಟೆಯ ಬಿಸಿಲು ಬಚ್ಚಲಿನ ಬಾಗಿಲಲ್ಲೇ ಬಿದ್ದಿತ್ತು. ಮಗುವಿನ ಬೆನ್ನಿಗೆ ಕಡ್ಲೆ ಹಿಟ್ಟು ಉಜ್ಜುತ್ತಿದ್ದ ಅಜ್ಜಿ ತಟ್ಟನೆ ನಿಲ್ಲಿಸಿದರು.

"ಶಶಿ, ಬಾಗಿಲು ಯಾಕೆ ಹಾಕಿದಿ?"

"ಹಾಕಲಿಲ್ಲ ಅಜ್ಜಿ. ತೆರೆದೇ ಉಂಟು."

ಅಜ್ಜಿ ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಒಂದು ಅಂಗೈಯನ್ನು ಮಗುವಿನ ಬೆನ್ನಿನ ಮೇಲೆ ಒತ್ತಿ ಹಿಡಿದು, ಇನ್ನೊಂದರಿಂದ ಮೊದಲು ಎಡಗಣ್ಣು ಮುಚ್ಚಿ ನೋಡಿದರು, ಆಮೇಲೆ ಬಲಗಣ್ಣು. "ಮಗುವನ್ನು ಎತ್ತಿಕೋ. ಕುತ್ತಿಗೆಗೆ ಕೈ ಕೊಡು. ಹಾಂ, ಹಾಗೆ" ಎಂದು ಒಂದೊಂದೇ ಮಾತಿನಲ್ಲಿ ಹೇಳಿದರು. ಒದ್ದೆ ಕೂಸನ್ನು ಎದೆಗೆ ಒತ್ತಿಕೊಂಡು ನಾನು ನಿಂತೆ. ಬಲಗಣ್ಣಿಗೆ ಮೇಲಿನಿಂದ ಕಂಬಳಿ ಇಳಿಬಿಟ್ಟ ಹಾಗಾಯಿತಂತೆ. ಸ್ವಲ್ಪ ಹೊತ್ತಿಗೆ ಕಂಬಳಿ ಸರಿಯಿತು, ಎಲ್ಲ ಮೊದಲಿನಂತೆ ಕಂಡಿತು. ದಾರಿಯಲ್ಲಿ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಇದನ್ನು ನೀನು ಯಾರಿಗೂ ಹೇಳ್ಬಾರದು. ಅಮ್ಮನಿಗೂ ಇಲ್ಲ, ಅಪ್ಪನಿಗೂ ಇಲ್ಲ. ಗೊತ್ತಾದ್ರೆ ನಾಳೆಯಿಂದ ಒಂದು ಮಗುವನ್ನೂ ನನ್ನ ಕೈಗೆ ಕೊಡುದಿಲ್ಲ. ಆಣೆ ಹಾಕು."

ನಾನು ಆಣೆ ಹಾಕಿದೆ. ಮೂರು ದಿನ ಅದನ್ನು ಮುರಿಯಲಿಲ್ಲ. ಶಾಲೆಯಲ್ಲಿ ಕರಿಹಲಗೆಯನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ, ಮತ್ತೆ ಇನ್ನೊಂದು ಕಣ್ಣು ಮುಚ್ಚಿ. ಟೀಚರ್ ಎರಡು ಸಲ ಬೈದರು.

ಭಾನುವಾರ ಬಂತು. ಸೆಲೂನಿನಲ್ಲಿ ಜನವೋ ಜನ. ಕುರ್ಚಿಯಲ್ಲಿ ಕೂತಿದ್ದವರು ಡಾಕ್ಟರ್ ಖಾದರ್. ರಸ್ತೆಯ ಆಚೆ ಬದಿಯಲ್ಲೇ ಅವರ ಕ್ಲಿನಿಕ್ಕು. ವಯಸ್ಸಿನಲ್ಲಿ ಅಪ್ಪನಿಗಿಂತ ಚಿಕ್ಕವರು, "ಸಂಜೀವಣ್ಣ" ಎಂದೇ ಕರೆಯುತ್ತಿದ್ದರು. ಮನೆಯೊಳಗೆ ಲಲಿತತ್ತೆ ಮೂರನೇ ಹಲ್ಲಿಗಾಗಿ ಅಜ್ಜಿಯ ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದರು. ನಾನು ಅಜ್ಜಿಗೆ ಗಂಟು ಕಟ್ಟುತ್ತಿದ್ದೆ. ಅಜ್ಜಿ ಎದುರಿನ ಗೋಡೆಯ ಕ್ಯಾಲೆಂಡರಿನ ಕಡೆ ಕೈ ಚಾಚಿ, ಗಾಳಿಯಲ್ಲೇ ಏನೋ ತಡವಿ, ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ನಿಧಾನವಾಗಿ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡರು. ನನಗೆ ಗೊತ್ತಾಗಿ ಹೋಯಿತು.

ಗಿರಾಕಿಗಳಿರುವಾಗ ಹೆಣ್ಣುಮಕ್ಕಳು ಪರದೆ ದಾಟುವ ಹಾಗಿರಲಿಲ್ಲ. ನಾನು ದಾಟಲಿಲ್ಲ, ಹರಿದುಕೊಂಡು ಹೋದೆ ಎಂದೇ ಹೇಳಬೇಕು; ಪರದೆಯ ಒಂದು ಕೊಕ್ಕೆ ಕಿತ್ತು ಬಂತು.

"ಅಪ್ಪಾ! ಅಜ್ಜಿಗೆ ಬಲಗಣ್ಣು ಕಾಣುದಿಲ್ಲ! ಮೊನ್ನೆ ಸಹ ಹಾಗೆ ಆಗಿತ್ತು! ಅಲ್ಲಿ ಉಬ್ಬಿದ್ದು ಉಂಟಲ್ಲ, ಆ ಕಡೆದು!"

ಬೆಂಚಿನ ಮೇಲಿದ್ದವರೆಲ್ಲ ಪೇಪರ್ ಕೆಳಗಿಳಿಸಿದರು. ಅಪ್ಪನ ಎಡಗೈಯ ಎರಡು ಬೆರಳು ಡಾಕ್ಟರರ ಕಣತಲೆಯ ಮೇಲಿದ್ದವು, ಬಲಗೈಯಲ್ಲಿ ಕತ್ತರಿ. ಕತ್ತರಿ ಇಟ್ಟರು. ಹೊರಗಿನಿಂದ ಸುತ್ತಲಿಲ್ಲ, ಬಚ್ಚಲಿಗೆ ಹೋಗಲಿಲ್ಲ. ಕೂದಲು ಮೆತ್ತಿದ ಆ ಕೈಗಳಲ್ಲೇ ಸೀದಾ ಒಳಗೆ ಬಂದು ಅಜ್ಜಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಎರಡು ಬೆರಳು ಅವರ ಎಡ ಕಣತಲೆಗೆ, ಎರಡು ಬೆರಳು ಬಲ ಕಣತಲೆಗೆ ಇಟ್ಟರು. ಅಜ್ಜಿ ನೋವಿಗೆ ಮುಖ ಕಿವುಚಿದರು, ಆದರೆ ಕೈ ತಳ್ಳಲಿಲ್ಲ. ಲಲಿತತ್ತೆ ಸೀರೆ ಹಿಡಿದ ಹಾಗೆಯೇ ನಿಂತುಬಿಟ್ಟರು. ಅಪ್ಪ ಕಣ್ಣು ಮುಚ್ಚಿದ್ದರು. ಕಿವಿಗೊಟ್ಟು ಏನನ್ನೋ ಕೇಳುವವರ ಹಾಗೆ.

ಆಮೇಲೆ ಎಷ್ಟೋ ಸಲ ಅವರು ಹೇಳಿದ್ದನ್ನು ಕೇಳಿದ್ದೇನೆ. ಕಿವಿಯ ಪಕ್ಕ ಕತ್ತಿ ಆಡಿಸುವಾಗ ಇನ್ನೊಂದು ಕೈಯ ಬೆರಳಲ್ಲಿ ಚರ್ಮ ಎಳೆದು ಹಿಡಿಯಬೇಕು. ಹಿಡಿದಾಗ ಅಲ್ಲಿ ನಾಡಿ ಬಡಿಯುವುದು ಬೆರಳಿಗೆ ತಾಗುತ್ತದೆ. ಪ್ರತಿಯೊಂದು ತಲೆಯಲ್ಲೂ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ತಾಗುವುದನ್ನು ಯಾರೂ ಗಮನಿಸುವುದಿಲ್ಲ. ಆ ದಿನ ಎಡಗಡೆ ತಾಗಿತು. ಬಲಗಡೆ ತಾಗಲಿಲ್ಲ.

ಪರದೆಯ ಹತ್ತಿರ ಬಂದು ಅಪ್ಪ ಹೇಳಿದರು:

"ಡಾಕ್ಟ್ರೆ, ಬಲಗಡೆ ಬಡಿಯುದೇ ಇಲ್ಲ. ನೂಲಿನ ಹುರಿ ಹಾಗೆ ಗಟ್ಟಿ ಉಂಟು, ಗಂಟು ಗಂಟು. ಇಷ್ಟು ವರ್ಷದಲ್ಲಿ ಇಂಥದ್ದು ನನ್ನ ಕೈಗೆ ಸಿಕ್ಕಿದ್ದಿಲ್ಲ."

ಡಾಕ್ಟರ್ ಖಾದರ್ ಎದ್ದರು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಒಳಗೆ ಬಂದರು. ಬಲಭಾಗದ ಕೂದಲು ನೀಟಾಗಿ ಕತ್ತರಿಸಿ ಆಗಿತ್ತು, ಎಡಭಾಗದ್ದು ಕಿವಿ ಮುಚ್ಚುವಷ್ಟು ಇತ್ತು. ಬೇರೆ ದಿನವಾಗಿದ್ದರೆ ನಾನು ನಕ್ಕು ಬೀಳುತ್ತಿದ್ದೆ. ಅವರು ಕಣತಲೆ ಮುಟ್ಟಿ ನೋಡಿದರು, ತಮ್ಮ ಕ್ಲಿನಿಕ್ಕಿನಿಂದ ಟಾರ್ಚು ತರಿಸಿ ಕಣ್ಣು ನೋಡಿದರು, ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ.

"ಅಮ್ಮಾ, ಅಗಿಯುವಾಗ ದವಡೆ ನೋಯ್ತದಾ?"

"ನಾಲ್ಕು ತುತ್ತು ಆದ ಮೇಲೆ. ನಿಲ್ಲಿಸಿದ್ರೆ ಕಡಿಮೆ ಆಗ್ತದೆ."

"ತಲೆ ಬಾಚುವಾಗ?"

"ತುಂಬ ನೋಯ್ತದೆ, ಬಾಚಣಿಗೆ ತಾಗಿದ್ರೆ ಸಾಕು" ಎಂದು ನಾನೇ ಉತ್ತರ ಕೊಟ್ಟೆ. ಅವರು ನನ್ನ ಕಡೆ ತಿರುಗಿದರು.

"ಯಾವಾಗಿಂದ?"

"ದೀಪಾವಳಿ ಆದ ಮೇಲೆ. ಮೊದಲು ಭುಜ. ಕೈ ಎತ್ತಲಿಕ್ಕೆ ಆಗ್ತಿರಲಿಲ್ಲ. ಮತ್ತೆ ತಲೆ. ಮತ್ತೆ ದವಡೆ. ಕಣ್ಣು ಬುಧವಾರ."

ಹೇಳುತ್ತ ಹೇಳುತ್ತ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದು ಹೆದರಿಕೆ ಮಾತ್ರ ಆಗಿರಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಒಂದು ತಿಂಗಳಿನಿಂದ ನಾನೊಬ್ಬಳೇ ನೋಡಿದ್ದ ಸಣ್ಣ ಸಣ್ಣ ಸಂಗತಿಗಳು ಒಬ್ಬರ ಕಣ್ಣೆದುರು ಒಂದಕ್ಕೊಂದು ಸೇರಿಕೊಳ್ಳುತ್ತಿದ್ದವು. ನನ್ನ ಪ್ರತಿ ಉತ್ತರಕ್ಕೂ ಡಾಕ್ಟರರ ಮುಖದ ಬಣ್ಣ ಬದಲಾಗುತ್ತಿತ್ತು. ಅಜ್ಜಿಯ ಕಣ್ಣು ಹೋಗುತ್ತಿರುವ ಹೊತ್ತಿನಲ್ಲಿ ನನಗೆ ಮೈಯೆಲ್ಲ ಹುರುಪು. ಅದಕ್ಕಾಗಿ ಬಹಳ ವರ್ಷ ನಾಚಿಕೊಂಡಿದ್ದೇನೆ. ಈಗ ನಾಚಿಕೊಳ್ಳುವುದಿಲ್ಲ.

"ಸಂಜೀವಣ್ಣ, ಇದು ಹಲ್ಲಲ್ಲ" ಎಂದರು ಡಾಕ್ಟರು. "ಕಣತಲೆಯ ರಕ್ತನಾಳಕ್ಕೆ ಬಾವು ಬಂದಿದೆ. ಒಳಗೆ ದಾರಿ ಮುಚ್ಚಿಕೊಳ್ತಾ ಉಂಟು. ಅದೇ ಬಾವು ಕಣ್ಣಿಗೆ ರಕ್ತ ಕೊಡುವ ನಾಳಕ್ಕೂ ಹಿಡಿದಿರಬೇಕು. ಒಂದು ಕಣ್ಣು ಹೋದ್ರೆ ಇನ್ನೊಂದು ಹೋಗ್ಲಿಕ್ಕೆ ಹೆಚ್ಚು ದಿನ ಬೇಡ. ನಾನು ಇದನ್ನು ಕಾಲೇಜಿನಲ್ಲಿ ಓದಿದ್ದು ಮಾತ್ರ, ನೋಡಿದ್ದಿಲ್ಲ. ತಪ್ಪಿರಬಹುದು. ಸರಿಯಾಗಿದ್ರೆ ಮಾತ್ರ ನಾಳೆಯವರೆಗೆ ಕಾಯುವ ಹಾಗಿಲ್ಲ. ಈಗಲೇ ಮಂಗಳೂರಿಗೆ ಹೊರಡಿ."

"ನಾಳೆ ಬಂಟ್ವಾಳದಲ್ಲಿ ಹಲ್ಲಿಗೆ ಹೇಳಿ ಆಗಿದೆ" ಎಂದು ಲಲಿತತ್ತೆ ಶುರು ಮಾಡಿದರು. "ಪೇಟೆಯವರೆಲ್ಲ ಬಂದು ಮನೆಯೊಳಗೆ ನಿಂತ್ರೆ..."

ಅಪ್ಪ ಅಕ್ಕನ ಕಡೆ ತಿರುಗಿದರು. ಧ್ವನಿ ಏರಿಸಲಿಲ್ಲ.

"ಅಕ್ಕಾ, ಹಲ್ಲು ನೀವು ನೋಡಿದಿರಿ. ತಲೆ ನನ್ನ ಕೆಲಸ."

ಅತ್ತೆ ಮಡಚಿದ ಸೀರೆಯನ್ನು ಮತ್ತೆ ಮಡಚಿದರು. ಡಾಕ್ಟರು ಕ್ಲಿನಿಕ್ಕಿಗೆ ಓಡಿ ಹೋಗಿ ಒಂದು ಚೀಟಿ ಬರೆದುಕೊಂಡು, ಅಂಗೈ ತುಂಬ ಸಣ್ಣ ಬಿಳಿ ಮಾತ್ರೆ ತಂದರು. ಹನ್ನೆರಡು. ಬಾವು ಇಳಿಸುವ ಸ್ಟೀರಾಯ್ಡ್ ಮಾತ್ರೆ, ಒಟ್ಟಿಗೇ ನುಂಗಬೇಕು ಎಂದರು. ಅಜ್ಜಿ ಎಡಗಣ್ಣಿನಿಂದ ಆ ರಾಶಿ ನೋಡಿದರು.

"ಹನ್ನೆರಡಾ? ನಾನೆಂತ ಎಮ್ಮೆಯಾ ಮಾರಾಯ್ರೆ?"

"ಎಮ್ಮೆಗೆ ಇನ್ನೂ ಜಾಸ್ತಿ ಅಮ್ಮಾ. ನೀವು ಮೊದಲು ಗಂಜಿ ಕುಡಿಯಿರಿ, ಮತ್ತೆ ನುಂಗಿ."

ಬೆಂಚಿನಲ್ಲಿ ಸರದಿಗೆ ಕಾದಿದ್ದ ಒಬ್ಬರದ್ದು ಅಂಬಾಸಿಡರ್ ಕಾರಿತ್ತು. ಅವರೇ ಎದ್ದು "ಹೋಗುವ ಸಂಜೀವಣ್ಣ, ಗಡ್ಡ ಸಂಜೆ ತೆಗೆದರೂ ಆಗ್ತದೆ" ಎಂದರು. ಡಾಕ್ಟರು ಎಸ್.ಟಿ.ಡಿ. ಬೂತಿನಿಂದ ಮಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದರು. "ಈ ಹುಡುಗಿಯನ್ನೂ ಕರೆದುಕೊಂಡು ಹೋಗಿ, ಯಾವಾಗ ಏನಾಯ್ತು ಅಂತ ಇವಳಿಗೇ ಗೊತ್ತು" ಎಂದು ನನ್ನನ್ನೂ ಹತ್ತಿಸಿದರು. ಹೀಗೆ ನಾನು ಜೀವಮಾನದಲ್ಲಿ ಮೊದಲ ಸಲ ಕಾರಿನಲ್ಲಿ ಮಂಗಳೂರಿಗೆ ಹೋದೆ.

ಎಡಪದವು ದಾಟುವವರೆಗೂ ಅಜ್ಜಿ ಮಾತಾಡುತ್ತಿದ್ದರು. ಆಣೆ ಮುರಿದದ್ದಕ್ಕೆ ನನ್ನನ್ನು ಬೈದರು, ಮುಂದಿನ ವಾರ ಯಾವ ಮನೆಯಲ್ಲಿ ಮಗುವಿಗೆ ನಲವತ್ತು ದಿನ ತುಂಬುತ್ತದೆ ಎಂದು ಲೆಕ್ಕ ಹೇಳಿದರು. ಬಲಗಣ್ಣಿನ ಕಂಬಳಿ ಒಮ್ಮೆ ಸ್ವಲ್ಪ ಸರಿದಿತ್ತು, ಕಿಟಕಿಯಾಚೆ ಏನೋ ಹಸಿರು ಓಡುವುದು ಕಾಣುತ್ತದೆ ಎಂದರು. ಗುರುಪುರದ ಸೇತುವೆಯ ಮೇಲೆ ಎದುರಿನಿಂದ ಲಾರಿ ಬಂದು ಕಾರು ನಿಂತಿತು. ನಾನು ಕೆಳಗೆ ಹೊಳೆ ನೋಡುತ್ತಿದ್ದೆ. ತಿರುಗಿದರೆ ಅಜ್ಜಿ ಅಂಗೈಯಿಂದ ಎಡಗಣ್ಣು ಮುಚ್ಚಿ ಹೊಳೆಯ ಕಡೆಗೆ ಮುಖ ಮಾಡಿ ಕೂತಿದ್ದರು. ಕೈ ತೆಗೆದರು. ಮತ್ತೆ ಮುಚ್ಚಿದರು.

"ಹೋಯ್ತು" ಎಂದರು. ಅಷ್ಟೇ. ಮುಂದಿನ ಸೀಟಿನಿಂದ ಅಪ್ಪ ಕೈ ಹಿಂದಕ್ಕೆ ಚಾಚಿದರು. ಅಜ್ಜಿ ಅದನ್ನು ಹಿಡಿದುಕೊಂಡರು. ಆಸ್ಪತ್ರೆಯ ಮೆಟ್ಟಿಲು ಬರುವವರೆಗೂ ಬಿಡಲಿಲ್ಲ.

ಅಲ್ಲಿ ಎಲ್ಲವೂ ಓಟದಲ್ಲೇ ನಡೆಯಿತು. ರಕ್ತ ತೆಗೆದರು; ಬಾವು ಎಷ್ಟಿದೆ ಎಂದು ತೋರಿಸುವ ಅಂಕಿ ಇಪ್ಪತ್ತು ಮೂವತ್ತರೊಳಗೆ ಇರಬೇಕಾದದ್ದು ನೂರು ದಾಟಿತ್ತು. ಕೈಗೆ ಡ್ರಿಪ್ ಹಾಕಿ ಅದರಲ್ಲೇ ಔಷಧ ಬಿಟ್ಟರು. ಕಣ್ಣಿನ ಡಾಕ್ಟರು, ನರದ ಡಾಕ್ಟರು, ಅವರ ಹಿಂದೆ ಕಲಿಯುವ ಹುಡುಗ ಹುಡುಗಿಯರು, ಒಬ್ಬರಾದ ಮೇಲೆ ಒಬ್ಬರು ಬಂದು ಬೆರಳಿಟ್ಟು ನೋಡಿದರು. ದೀಪಾವಳಿಯಿಂದ ಶುರು ಮಾಡಿ ನಾನು ಏಳು ಸಲ ಕಥೆ ಹೇಳಿದೆ. ಏಳನೇ ಸಲಕ್ಕೆ ಅಜ್ಜಿಯ ಹಲ್ಲು ಕೀಳಿಸಿದ ಭಾಗವನ್ನು ಅಭಿನಯ ಮಾಡಿ ತೋರಿಸುವಷ್ಟು ಪಳಗಿದ್ದೆ. ಎರಡನೆಯ ದಿನ, ಆ ನಾಳದ ಒಂದು ತುಂಡು ತೆಗೆದು ಪರೀಕ್ಷೆಗೆ ಕಳುಹಿಸಬೇಕು, ಕಾಯಿಲೆ ಅದೇ ಹೌದೋ ಎಂದು ಖಚಿತವಾಗುವುದು ಹಾಗೆಯೇ ಎಂದರು. ಅದಕ್ಕೆ ಮೊದಲು ಕಣತಲೆಯ ಕೂದಲು ಬೋಳಿಸಬೇಕು. ಒಬ್ಬ ಕೆಲಸದವ ಬ್ಲೇಡು ಹಿಡಿದು ಬಂದ. ಅವನ ಕೈ ತಾಗಿದೊಡನೆ ಅಜ್ಜಿ ಕಿರುಚಿದರು.

"ಇಲ್ಲಿ ಕೊಡಿ" ಎಂದರು ಅಪ್ಪ.

"ನೀವು ಯಾರು?"

"ಮಗ. ನಾನು ಸೆಲೂನಿನವ."

ಬಿಸಿನೀರು ಕೇಳಿ ತರಿಸಿದರು. ಬಟ್ಟೆ ಅದ್ದಿ, ಹಿಂಡಿ, ಅಜ್ಜಿಯ ಕಣತಲೆಯ ಮೇಲೆ ಬಹಳ ಹೊತ್ತು ಇಟ್ಟರು. ನೊರೆ ಮಾಡಿದರು. ನನ್ನನ್ನು ಹತ್ತಿರ ಕರೆದು ಬೆಳಕಿಗೆ ಅಡ್ಡ ಬರಬೇಡ ಎಂದರು. ಆಮೇಲೆ ಬ್ಲೇಡು ಹೋದದ್ದೇ ನನಗೆ ಕಾಣಲಿಲ್ಲ. ಅಂಗೈಯಗಲದ ಜಾಗ ಬೆಳ್ಳಗೆ ನುಣುಪಾಗಿ ತೆರೆದುಕೊಂಡಿತು, ನಡುವೆ ಆ ವಕ್ರ ನರ. ಅಜ್ಜಿ ಒಮ್ಮೆಯೂ ಮಿಸುಕಲಿಲ್ಲ. "ತಯಾರಿ ಆಯ್ತಾ? ಶುರು ಮಾಡು" ಎಂದರು, ಎಲ್ಲ ಮುಗಿದ ಮೇಲೆ. ಅಪ್ಪನ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ತುಂಡಿನ ಪರೀಕ್ಷೆ ಡಾಕ್ಟರ್ ಖಾದರರ ಮಾತನ್ನೇ ಹೇಳಿತು. ಕಣ್ಣಿನ ಡಾಕ್ಟರು ಅಪ್ಪನನ್ನು ಕಾರಿಡಾರಿಗೆ ಕರೆದರು. ನಾನೂ ಹಿಂದೆ ಹೋದೆ. ಎಡಗಣ್ಣು ಉಳಿಯುತ್ತದೆ, ಇನ್ನೊಂದೆರಡು ದಿನ ತಡವಾಗಿದ್ದರೆ ಹೇಳಲು ಬರುತ್ತಿರಲಿಲ್ಲ. ಬಲಗಣ್ಣು ಮಾತ್ರ ಮರಳಿ ಬರುವುದಿಲ್ಲ ಎಂದರು. ಅಪ್ಪ ತಲೆಯಾಡಿಸಿದರು, ಒಳಗೆ ಬಂದು ಅಜ್ಜಿಯ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತರು, ಅಳತೊಡಗಿದರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಒಂದು ತಿಂಗಳು ಒಂದೇ ಮನೆಯಲ್ಲಿ ಇದ್ದೆ ಅಮ್ಮ. ಬೆರಳು ಇಡಲಿಲ್ಲ. ಮೊದಲೇ ಇಟ್ಟಿದ್ರೆ ಗೊತ್ತಾಗ್ತಿತ್ತು."

ಅಜ್ಜಿ ಹೇಳಿದರು:

"ಇಡಬೇಡ ಅಂದವಳು ನಾನು. ಅದು ನನ್ನ ಮೇಲೆ ಇರಲಿ, ನಿನ್ನ ಮೇಲೆ ಬೇಡ. ಏಳು, ಮುಖ ತೊಳೆ. ನನಗೆ ಹಸಿವೆ ಆಗ್ತಾ ಉಂಟು."

ಹಸಿವೆ! ಆ ಹಸಿವೆಯ ಕಥೆಯನ್ನು ಹೇಗೆ ಹೇಳುವುದು? ಮಾತ್ರೆ ಶುರುವಾದ ಮೂರ್ನಾಲ್ಕೇ ದಿನಕ್ಕೆ ಭುಜ ಮೇಲೆ ಹೋಯಿತು, ದವಡೆ ಆಡಿತು, ತಲೆನೋವು ಇದ್ದ ಗುರುತೇ ಇಲ್ಲ. ಒಂದು ತಿಂಗಳು ಉಣ್ಣದ್ದನ್ನೆಲ್ಲ ಅಜ್ಜಿ ಬಡ್ಡಿ ಸಮೇತ ಉಂಡರು. ಮನೆಗೆ ಬಂದ ಮೇಲೆ ಬೆಳಿಗ್ಗೆ ಆರು ನೀರ್ದೋಸೆ, ಹತ್ತಕ್ಕೆ ಗಂಜಿ, ಮಧ್ಯ ಮಧ್ಯ ಹುರಿದ ಕಡ್ಲೆ. ಮುಖ ಹುಣ್ಣಿಮೆಯ ಚಂದ್ರನ ಹಾಗೆ ಉರುಟಾಯಿತು. ನಿದ್ದೆ ಕಡಿಮೆ, ಬೆಳಕು ಹರಿಯುವ ಮೊದಲೇ ಎದ್ದು ಅಂಗಳ ಗುಡಿಸಿ, ಅದು ಸಾಲದೆಂದು ಫಿಲೋಮಿನಾ ಬಾಯಿಯ ಅಂಗಳವನ್ನೂ ಗುಡಿಸಿ ಬರುತ್ತಿದ್ದರು. ನಿಲ್ಲಿಸದೆ ಮಾತು, ನಿಲ್ಲಿಸದೆ ನಗು, ನಡುನಡುವೆ ಕಾರಣವಿಲ್ಲದ ಜಗಳ. ಔಷಧ ಹಾಗೆ ಮಾಡುತ್ತದೆ, ಸಕ್ಕರೆ ಏರದ ಹಾಗೆ ನೋಡಿಕೊಳ್ಳಿ, ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬಾರದು, ತಾವಾಗಿ ನಿಲ್ಲಿಸಬಾರದು ಎಂದು ಡಾಕ್ಟರ್ ಖಾದರ್ ಹೇಳಿದ್ದರು. ಮಾತ್ರೆ ಕೊಡುವ ಅಧಿಕಾರ ನನಗೆ ಸಿಕ್ಕಿತು. ಹನ್ನೆರಡು ಹತ್ತಾಯಿತು, ಹತ್ತು ಎಂಟಾಯಿತು; ಪೂರ್ತಿ ನಿಲ್ಲಿಸಲು ನಾನು ಎಂಟನೇ ತರಗತಿ ಮುಗಿಸಬೇಕಾಯಿತು.

ಡಾಕ್ಟರರ ಕೂದಲಿನ ವಿಷಯ ಹೇಳಲೇಬೇಕು. ನಾವು ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಅವರು ಅರ್ಧ ಕಟ್ಟಿಂಗಿನಲ್ಲೇ ರೋಗಿಗಳನ್ನು ನೋಡಿದರಂತೆ. ಪೇಟೆಯಲ್ಲಿ ಬೇರೆ ಸೆಲೂನು ಇರಲಿಲ್ಲವೆಂದಲ್ಲ. ಯಾರಾದರೂ ಕೇಳಿದರೆ "ಸಂಜೀವಣ್ಣ ಬರಲಿ, ಅವರದ್ದು ಬಾಕಿ ಉಂಟು" ಎನ್ನುತ್ತಿದ್ದರಂತೆ. ನಾವು ಬಂದಿಳಿದ ಸಂಜೆ ತಲೆಗೆ ಬಿಳಿ ಟೊಪ್ಪಿ ಇಟ್ಟುಕೊಂಡು ರಸ್ತೆ ದಾಟಿ ಬಂದರು, ಟೊಪ್ಪಿ ತೆಗೆದರು, ಎಡಭಾಗ ತೋರಿಸಿ ಕೂತರು. ಇಡೀ ಸೆಲೂನು ನಕ್ಕಿತು. ಮರುದಿನ ಮಧ್ಯಾಹ್ನ ಅಪ್ಪ ಅಭ್ಯಾಸದಂತೆ ಹೊರಗಿನಿಂದ ಸುತ್ತಿ ಬಚ್ಚಲ ಕಡೆ ಹೊರಟಾಗ ಅಜ್ಜಿ ಅಡುಗೆಮನೆಯಿಂದಲೇ ಕೂಗಿದರು: "ಎಲ್ಲಿಗೆ? ಊಟ ತಣೀತದೆ. ಕೈ ತೊಳೆದು ಈ ಕಡೆಯಿಂದಲೇ ಬಾ." ಕಾನೂನು ಮಾಡಿದ್ದು ಹೇಗೋ ತೆಗೆದದ್ದೂ ಹಾಗೆಯೇ, ಒಂದೇ ಮಾತಿನಲ್ಲಿ.

ಮಕ್ಕಳನ್ನು ಮೀಯಿಸುವ ಕೆಲಸವೂ ನಿಲ್ಲಲಿಲ್ಲ. ಒಂದು ಕಣ್ಣಿನವರ ಕೈಗೆ ಮಗುವನ್ನು ಕೊಡುವುದು ಹೇಗೆ ಎಂದು ಎರಡು ಮನೆಯವರು ಹಿಂದೆ ಸರಿದರು. ಅಜ್ಜಿ ಎರಡು ದಿನ ಮಂಕಾಗಿದ್ದರು. ಮೂರನೆಯ ದಿನ ಫಿಲೋಮಿನಾ ಬಾಯಿ ಮೊಮ್ಮಗನನ್ನು ಟವಲಿನಲ್ಲಿ ಸುತ್ತಿಕೊಂಡು ತಾವೇ ನಮ್ಮ ಹಿತ್ತಲಿಗೆ ಬಂದು, "ಇವನು ನೀವು ಮುಟ್ಟದೆ ಅಳು ನಿಲ್ಲಿಸುದಿಲ್ಲ ಗಿರಿಜಕ್ಕ" ಎಂದು ಅಜ್ಜಿಯ ಕಾಲಿನ ಮೇಲೆ ಹಾಕಿದರು. ಅಲ್ಲಿಂದ ಮುಂದೆ ಮಕ್ಕಳೇ ನಮ್ಮ ಮನೆಗೆ ಬರತೊಡಗಿದರು.

ಬೋಳಿಸಿದ ಜಾಗದಲ್ಲಿ ಕೂದಲು ಮುಳ್ಳುಮುಳ್ಳಾಗಿ ಬೆಳೆಯಿತು. ಉಳಿದ ಕೂದಲು ಮಾತ್ರ ಹಿಡಿ ಹಿಡಿಯಾಗಿ ಉದುರುತ್ತಿತ್ತು. ಹಿಂದೆ ಉದ್ದ ಜಡೆ, ಬಲಗಡೆ ಕಿವಿಯ ಮೇಲೆ ಗಡ್ಡದ ಹಾಗೆ ಒಂದು ತೇಪೆ. ಅಂಗಡಿಗೆ ರಜೆಯಿದ್ದ ಒಂದು ಮಂಗಳವಾರ, ಲಲಿತತ್ತೆಯೂ ಬಂದಿದ್ದ ದಿನ, ಅಜ್ಜಿ ಊಟ ಮುಗಿಸಿ ಕೈ ತೊಳೆದು ಅಪ್ಪನಿಗೆ ಹೇಳಿದರು:

"ಸಂಜೀವ, ಎರಡೂ ಕಡೆ ಸಮ ಮಾಡಿ ಕೊಡು."

"ಎಂತ ಸಮ?"

"ಕೂದಲು, ಮಾರಾಯ. ಕುತ್ತಿಗೆವರೆಗೆ ತೆಗೆ."

ಅತ್ತೆ ಎದ್ದು ನಿಂತರು. "ಈ ವಯಸ್ಸಿನಲ್ಲಿ? ಗಂಡಸರು ಕೂತುಕೊಳ್ಳುವ ಕುರ್ಚಿಯಲ್ಲಿ? ಜನ ನೋಡಿದ್ರೆ ಎಂತ ಹೇಳ್ತಾರೆ ಅಮ್ಮ?"

"ನೋಡ್ಲಿ. ಅವರಿಗೆ ಎರಡೆರಡು ಕಣ್ಣುಂಟು."

ಅಜ್ಜಿ ತಾವೇ ಪರದೆ ಸರಿಸಿ ಸೆಲೂನಿಗೆ ಕಾಲಿಟ್ಟರು. ಆ ಮನೆಗೆ ಮದುವೆಯಾಗಿ ಬಂದ ಮೇಲೆ ಅವರು ಆ ಕೋಣೆಗೆ ಬಂದದ್ದು ಅದೇ ಮೊದಲು. ಕನ್ನಡಿ ನೋಡಿದರು, ಪೌಡರಿನ ಡಬ್ಬಿ ಎತ್ತಿ ಮೂಸಿದರು, ಬೆಂಚಿನ ಮೇಲೆ ಕೈಯಾಡಿಸಿ ಧೂಳು ಉಂಟು ಎಂದರು. ಆಮೇಲೆ ಕುರ್ಚಿಯಲ್ಲಿ ಕೂತರು. ಕಾಲು ಕೆಳಗೆ ತಾಗಲಿಲ್ಲ. ಅಪ್ಪ ಒಗೆದ ಬಿಳಿ ಬಟ್ಟೆ ಹುಡುಕಿ ತಂದು ಅವರ ಕುತ್ತಿಗೆಗೆ ಕಟ್ಟಿದರು, ಗಿರಾಕಿಗಳಿಗೆ ಕೇಳುವ ಹಾಗೆಯೇ "ಬಿಗಿ ಆಯ್ತಾ?" ಎಂದು ಕೇಳಿದರು. ಅಮ್ಮ ತಂಗಿಯನ್ನು ಸೊಂಟಕ್ಕೇರಿಸಿಕೊಂಡು ಬಂದು ನಿಂತರು. ಅತ್ತೆ ಪರದೆಯ ಆಚೆಯಿಂದ ಇಣುಕಿದರು. ಕತ್ತರಿಯ ಶಬ್ದ ಶುರುವಾಯಿತು. ಮೊದಲ ಗೊಂಚಲು ನೆಲಕ್ಕೆ ಬಿದ್ದಾಗ ಅಮ್ಮ ಬಾಯಿಗೆ ಕೈ ಹಿಡಿದರು. ಅಜ್ಜಿ ಮಾತ್ರ ಕಣ್ಣು ಮುಚ್ಚಿ ಕೂತಿದ್ದರು, ಕಾಲ ಮೇಲೆ ಮಲಗಿ ಅಳು ನಿಲ್ಲಿಸಿದ ಕೂಸಿನಂತೆ.

ಮುಗಿಯಲು ಅರ್ಧ ಗಂಟೆ ಹಿಡಿಯಿತು. ಅಪ್ಪ ಸಣ್ಣ ಕನ್ನಡಿ ಹಿಡಿದು ಹಿಂಭಾಗ ತೋರಿಸಿದರು. ಅಜ್ಜಿ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ, ಬೋಳು ಕುತ್ತಿಗೆ ಸವರಿಕೊಂಡು, "ಗಾಳಿ ಆಗ್ತದೆ" ಎಂದರು. ಇಳಿಯಲಿ ಎಂದು ಅಪ್ಪ ಕೈ ಕೊಟ್ಟರು. ಅಜ್ಜಿ ಕೈ ಹಿಡಿಯಲಿಲ್ಲ.

"ಈ ಕುರ್ಚಿ ತಿರುಗ್ತದಂತೆ, ಹೌದಾ?"

"ಹೌದು."

"ತಿರುಗಿಸು."

ಅಪ್ಪ ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಕನ್ನಡಿ, ರಸ್ತೆ ಬದಿಯ ಮುಚ್ಚಿದ ಬಾಗಿಲು, ಬೆಂಚು, ನಾವೆಲ್ಲ, ಮತ್ತೆ ಕನ್ನಡಿ. ಉರುಟು ಮುಖದ ಅಜ್ಜಿ ಕುರ್ಚಿಯ ಎರಡೂ ಕೈ ಗಟ್ಟಿ ಹಿಡಿದು ಕೂತಿದ್ದರು.

"ಇದೆಂತ, ಹೆಣ ಹೊತ್ತ ಹಾಗೆ? ಜೋರು ತಿರುಗಿಸು!"

ಪರದೆಯ ಆಚೆ ಮೊದಲು ನಕ್ಕವರು ಲಲಿತತ್ತೆ. ಅಪ್ಪ ಪಂಚೆ ಮೇಲೆತ್ತಿ ಕಟ್ಟಿ, ಎರಡೂ ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು, ಇದ್ದ ಬಲವೆಲ್ಲ ಹಾಕಿ ತಿರುಗಿಸಿದರು.